ಗಾಂಜಾ ತಂದುಕೊಡು ಎಂದವನ ಉದ್ದೇಶ ಸಾಬೀತಾಗುವುದು ಹೇಗೆ?

ಪ್ರಶ್ನೆ (ಕಾನೂನು ವಿದ್ಯಾರ್ಥಿ, ಕಲಬುರಗಿ):
ಸೂಪರ್ ಮಾರ್ಕೆಟ್‌ನ ಚಹಾ ಅಂಗಡಿಯಲ್ಲಿ ಒಬ್ಬನು ಗೆಳೆಯನಿಗೆ, ‘ಬೀದರ್‌ನಿಂದ ಬರುವಾಗ ಎರಡು ಕಿಲೋ ಗಾಂಜಾ ತಂದು ಹಾಸ್ಟೆಲ್ ಹುಡುಗರಿಗೆ ಮಾರು, ರೊಕ್ಕ ನಾ ಹಾಕ್ತೀನಿ’ ಎಂದನೆಂದು ಭಾವಿಸಿ. ಗೆಳೆಯ ತರಲೇ ಇಲ್ಲ. ಹೇಳಿದವನು ಅಪರಾಧಿಯೇ?

ಉತ್ತರ (ವಕೀಲ):
ಆಗಬಹುದು. 1985ರ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳ ಕುರಿತ ಕಾನೂನು) 29ನೇ ಕಲಂ ಪ್ರಕಾರ, ಪ್ರಚೋದನೆಯ ಫಲವಾಗಿ ಅಪರಾಧ ನಡೆದಿರಲಿ ಬಿಡಲಿ, ಪ್ರಚೋದಿಸಿದವನಿಗೂ ಮೂಲ ಅಪರಾಧದ ಶಿಕ್ಷೆಯೇ ಅನ್ವಯಿಸುತ್ತದೆ. ಕೃತ್ಯ ನಡೆಯದಿದ್ದಾಗ ಸಾಮಾನ್ಯ ದಂಡ ಕಾನೂನು ತೋರುವ ರಿಯಾಯಿತಿ ಇಲ್ಲಿಲ್ಲ. ಗಾಂಜಾ ಒಂದು ಕಿಲೋ ಮೀರಿ, 20 ಕಿಲೋಗಿಂತ ಕಡಿಮೆ ಇದ್ದರೆ 10 ವರ್ಷದವರೆಗೆ ಕಠಿಣ ಸಜೆಯಾಗಬಹುದು.

ಉತ್ತರ (ಯಾದಗಿರಿಯಿಂದ):
ಆದರೆ ಹರಟೆಯೆಲ್ಲ ಪ್ರಚೋದನೆಯಲ್ಲ. 35ನೇ ಕಲಂ ಆರೋಪಿಯ ದುರುದ್ದೇಶವನ್ನು ಪೂರ್ವಭಾವಿಯಾಗಿ ಊಹಿಸಿಕೊಳ್ಳುತ್ತದೆ, ಅದು ಇರಲಿಲ್ಲವೆಂದು ಸಂಶಯಾತೀತವಾಗಿ ತೋರಿಸುವ ಭಾರವನ್ನು ಅವನ ಮೇಲೆಯೇ ಹೊರಿಸುತ್ತದೆ, ಅದು ನಿಜಕ್ಕೂ ಕಠೋರ. ಆದರೂ ಮೂಲಭೂತ ಸಂಗತಿಗಳನ್ನು ಮೊದಲು ಪ್ರಾಸಿಕ್ಯೂಷನ್ ಸಾಬೀತುಪಡಿಸಬೇಕೆಂದು ಸುಪ್ರೀಂ ಕೋರ್ಟ್ 2008ರ ನೂರ್ ಆಗಾ ಪ್ರಕರಣದಲ್ಲಿ ಹೇಳಿದೆ. ಫೋನ್‌ಪೇಯಲ್ಲಿ ಮುಂಗಡ ಹೋಗಿದ್ದರೆ, ಯಾವ ಹಾಸ್ಟೆಲ್, ಎಷ್ಟು ದರ ಎಂಬುದು ವಾಟ್ಸ್ಆ್ಯಪ್‌ನಲ್ಲಿ ಉಳಿದಿದ್ದರೆ, ‘ತಮಾಷೆಗೆ ಅಂದೆ’ ಎಂಬ ವಾದ ನಿಲ್ಲುವುದು ಕಷ್ಟ.

ಪ್ರಶ್ನಿಸಿದವರು:
ಗೆಳೆಯನೇ ಅಧಿಕಾರಿಗಳೆದುರು ಅವನ ಹೆಸರು ಹೇಳಿದರೆ?

ವಕೀಲ:
ಅಷ್ಟೇ ಸಾಲದು. 67ನೇ ಕಲಂ ಅಡಿ ಅಧಿಕಾರಿಗೆ ಕೊಟ್ಟ ಹೇಳಿಕೆಯನ್ನು ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲ ಎಂದು 2020ರ ತೂಫಾನ್ ಸಿಂಗ್ ತೀರ್ಪು ಸ್ಪಷ್ಟಪಡಿಸಿದೆ. ಸ್ವತಂತ್ರ ಪುರಾವೆ ಬೇಕೇ ಬೇಕು.