ಎಲ್ಲರಿಗೂ 20ಕ್ಕೆ 19 ಕೊಡೋದಾದ್ರೆ ಆಂತರಿಕ ಅಂಕ ಯಾಕೆ?

ವಿಜ್ಞಾನದ ಟೀಚರ್, ಗದಗ ಜಿಲ್ಲೆ:

ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳ್ತೇನೆ. ಈ ವಾರ ಎಫ್‌ಎ ಅಂಕ ತುಂಬಬೇಕು, ಅಂದ್ರೆ ಕಲಿಯೋವಾಗಲೇ ಶಾಲೆಯಲ್ಲಿ ಮಾಡೋ ರೂಪಣಾತ್ಮಕ ಮೌಲ್ಯಮಾಪನದ್ದು; ಆಂತರಿಕದ 20 ಬರೋದು ಇದರಿಂದಲೇ. ಮೇಜಿನ ಮೇಲೆ 'ವಿದ್ಯುಚ್ಛಕ್ತಿ' ಪಾಠದ ಪ್ರಾಜೆಕ್ಟ್ ಫೈಲುಗಳ ರಾಶಿ. ಎಲ್ಲದಕ್ಕೂ ಬಣ್ಣದ ರಟ್ಟು, ಮಿನುಗೋ ಅಂಚು, ಒಳಗೆ ಸೈಬರ್ ಸೆಂಟರಿನ ಪ್ರಿಂಟು. ವಿಜ್ಞಾನಿ ಓಮ್ ಅವರ ಫೋಟೋ ಇರಬೇಕಾದ ಕಡೆ ಇನ್ಯಾರೋ ಗಡ್ಡದವರು ಕೂತಿದ್ದಾರೆ, ಅದೂ ಒಂದೇ ಫೈಲಿನಲ್ಲಲ್ಲ. ಅಂಕ ಮಗುವಿಗೆ ಕೊಡಲೋ ಅಂಗಡಿಯವನಿಗೋ?

ಮೊನ್ನೆ ಬೋರ್ಡಿನ ಮೇಲೆ ಒಂದೇ ಥರದ ಎರಡು ಬಲ್ಬು ಸರಣಿಯಲ್ಲಿ (ಒಂದರ ಹಿಂದೆ ಒಂದು) ಬರೆದು, ಯಾವುದು ಹೆಚ್ಚು ಬೆಳಗುತ್ತೆ ಅಂತ ಕೇಳಿದೆ. ಮುಕ್ಕಾಲು ಕ್ಲಾಸು "ಮೊದಲನೇದು ಮಿಸ್" ಅಂತು. ಕರೆಂಟು ಮೊದಲ ಬಲ್ಬಿನಲ್ಲಿ ಒಂದಿಷ್ಟು ಖರ್ಚಾಗಿ, ಉಳಿದದ್ದು ಎರಡನೇದಕ್ಕೆ ಹೋಗುತ್ತಂತೆ. ಎರಡರಲ್ಲೂ ಹರಿಯೋದು ಒಂದೇ ಕರೆಂಟು, ಎರಡೂ ಸಮ ಬೆಳಗಬೇಕು. ಇದೇ ಮಕ್ಕಳು ಓಮ್‌ನ ನಿಯಮ ಅಕ್ಷರ ತಪ್ಪದೆ ಬರೀತಾರೆ, ಲೆಕ್ಕಾನೂ ಮಾಡ್ತಾರೆ!

"18ಕ್ಕಿಂತ ಕಡಿಮೆ ಯಾರಿಗೂ ಬೇಡ" ಅನ್ನೋ ಮಾತು ಶಾಲೆಯಲ್ಲಿ ಇದ್ದೇ ಇದೆ. ಫೈಲು ಬಿಟ್ಟು ನೀವೆಲ್ಲ ಏನು ಮಾಡ್ತೀರಿ? ಐವತ್ತರ ಹತ್ತಿರ ಮಕ್ಕಳಿದ್ದಾರೆ. ಒಬ್ಬೊಬ್ಬರನ್ನೂ ಕೂರಿಸಿ ಮಾತಾಡಿಸಿ ಅನ್ನೋ ಸಲಹೆಯನ್ನ ತರಬೇತಿಯಲ್ಲಿ ಚಹಾ ಜೊತೆ ಕೇಳಿ ಬಂದಿದ್ದೇನೆ, ಅದು ಬೇಡ.

ಐಟಿಐ ಫಿಟ್ಟರ್ ಮೇಷ್ಟ್ರು:

ಮೇಡಂ, ನಮ್ಮಲ್ಲಿ ಫೈಲು ಅಂದ್ರೆ ಅರ, ಕಬ್ಬಿಣ ಉಜ್ಜೋದು. ಹುಡುಗ ಉಜ್ಜಿದ ತುಂಡಿನ ಮೇಲೆ ಟ್ರೈಸ್ಕ್ವೇರ್ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡೀತೀವಿ. ಸಂದಿಯಲ್ಲಿ ಬೆಳಕು ಕಂಡ್ರೆ ಸಮತಟ್ಟಾಗಿಲ್ಲ ಅಂತ. ಅಳತೆಗೆ 0.02 ಮಿ.ಮೀ. ತೋರಿಸೋ ವರ್ನಿಯರ್ ಅನ್ನೋ ಅಳತೆ ಸಾಧನ ಇದೆ. ವಾದಕ್ಕೆ ಜಾಗ ಇಲ್ಲ.

ಆದ್ರೆ ನಾನು ಜಾಬ್, ಅಂದ್ರೆ ಕೊಟ್ಟ ತುಂಡಿನ ಕೆಲಸ, ಮುಗಿಯೋವರೆಗೆ ಕಾಯಲ್ಲ. ತುಂಡು ಹಿಡಿದಿಡೋ ವೈಸು ಅವನ ಮೊಣಕೈ ಎತ್ತರಕ್ಕಿದೆಯಾ, ಅರ ಹಿಂದಕ್ಕೆ ಎಳೆಯುವಾಗ ಒತ್ತು ಬಿಡ್ತಾನಾ ಅಂತ ಓಡಾಡ್ತಾ ನೋಡಿ, ಜೇಬಿನ ಪಟ್ಟಿಯಲ್ಲಿ ಗುರುತು ಹಾಕ್ತೀನಿ. ದಿನಕ್ಕೆ ಐದಾರು ಹುಡುಗರು, ಅಷ್ಟೇ. ಮುಗಿದ ತುಂಡನ್ನ ಅವನ ಸ್ನೇಹಿತ ಉಜ್ಜಿಕೊಟ್ಟಿರಬಹುದು, ನಿಲ್ಲೋ ಭಂಗಿಯನ್ನ ಯಾರೂ ಕೊಡಕ್ಕಾಗಲ್ಲ. ನಿಮ್ಮ ಫೈಲನ್ನೂ ಮನೆಗೆ ಕಳಿಸಬೇಡಿ, ಕ್ಲಾಸಲ್ಲೇ ಮಾಡಿಸಿ.

ನಲಿ-ಕಲಿ ಅಜ್ಜಿ, ಮೈಸೂರು ಕಡೆ:

ನಾನು ನಿವೃತ್ತಳು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾದದ್ದು ಗೊತ್ತಿರಬೇಕಲ್ಲ ನಿಮಗೆ, ಚಿಕ್ಕ ಕ್ಲಾಸಿನ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗಕ್ಕೆ ಕಲಿಯೋ ಪದ್ಧತಿ. ಅದರಲ್ಲಿ ಪರೀಕ್ಷೆ ಅಂತ ಬೇರೆ ದಿನವೇ ಇಲ್ಲ. ಗೋಡೆ ಮೇಲೆ ಕಲಿಕಾ ಏಣಿ. ಮೌಲ್ಯಮಾಪನದ ಕಾರ್ಡು ಬಂದಾಗ ಮಗು ಮಾಡಿ ತೋರಿಸಿದ್ರೆ ಮುಂದಿನ ಮೆಟ್ಟಿಲು, ಇಲ್ಲದಿದ್ರೆ ಇನ್ನಷ್ಟು ಅಭ್ಯಾಸ. ಕೂಲಿಗೆ ಹೋದ ಅಪ್ಪ ಅಮ್ಮನ ಜೊತೆ ಹೋಗಿ ತಿಂಗಳು ಬಿಟ್ಟು ಬಂದ ಮಗು ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತಿತ್ತು. ಅದಕ್ಕೆ ಸೊನ್ನೆ ಹಾಕೋ ಪ್ರಶ್ನೆಯೇ ಬರಲಿಲ್ಲ. ದಾಖಲೆ ಬರೆಯೋ ಕೆಲಸ ಮಾತ್ರ ಕೇಳಬೇಡಿ, ಕೈ ಸೋತುಹೋಗೋದು.

ರೂಪಣಾತ್ಮಕ ಅಂತ ಹೆಸರಿಟ್ಟು ಅದನ್ನೂ ಅಂಕ ಮಾಡಿ ಮುಖ್ಯ ಪರೀಕ್ಷೆಗೆ ಸೇರಿಸಿದ್ರಲ್ಲ, ಅಲ್ಲೇ ಕೆಟ್ಟಿತು ನೋಡಿ. ಅಂಕ ಸಿಗುತ್ತೆ ಅಂದ್ಮೇಲೆ ಯಾವ ಮಗು "ನಂಗೆ ಗೊತ್ತಿಲ್ಲ ಮಿಸ್" ಅನ್ನುತ್ತೆ ಹೇಳಮ್ಮ?

ಹಿಂದಿನ ಬೆಂಚು:

ನಾನು ಶಿಕ್ಷಕನಲ್ಲ. ಓಡಾಡ್ತಾ ನೋಡಿ ಅಂಕ ಹಾಕೋದು ಚಂದ ಕೇಳಿಸುತ್ತೆ. ನನ್ನ ಕಾಲದಲ್ಲಿ ನೋಡೋ ಕಣ್ಣು ಮುಂದಿನ ಎರಡು ಬೆಂಚು ದಾಟುತ್ತಿರಲಿಲ್ಲ. ಯಾರ ಮನೆ ಹುಡುಗ, ಯಾವ ಕೇರಿ ಅಂತ ಗೊತ್ತಿದ್ದವರ ಅಂಕ ಒಂಥರಾ, ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಉತ್ತರಪತ್ರಿಕೆ ತಿದ್ದಿದ, ಮುಖ ಕಾಣದ ಮೌಲ್ಯಮಾಪಕರ ಅಂಕ ಇನ್ನೊಂಥರಾ. ಮೂರು ಗಂಟೆ ಪರೀಕ್ಷೆಯನ್ನ ಬೈಯೋರು ಇದನ್ನೂ ನೆನಪಿಡಿ.

ಗಣಿತ ಮೇಷ್ಟ್ರು, ತುಮಕೂರು:

18, 19 ಕೊಟ್ಟು ಮಕ್ಕಳನ್ನ ಉಳಿಸ್ತೀವಿ ಅನ್ನೋದು ಪೂರ್ತಿ ನಿಜ ಅಲ್ಲ. ಲಿಖಿತದಲ್ಲಿ 80ಕ್ಕೆ 28 ಬರಲೇಬೇಕು ಅನ್ನೋ ನಿಯಮ ಇದ್ದಾಗ ಆಂತರಿಕದಲ್ಲಿ 20ಕ್ಕೆ 20 ಬಂದವನೂ 27ಕ್ಕೆ ಫೇಲಾಗ್ತಿದ್ದ. ಓಮ್ ಬಲ್ಬು ಹೊತ್ತಿಸಿಕೊಂಡು ಬಂದು ಕಾಪಾಡಲಿಲ್ಲ.

ವಿಜ್ಞಾನದ ಟೀಚರ್, ಗದಗ ಜಿಲ್ಲೆ:

ಹಿಂದಿನ ಬೆಂಚಿನವರ ಮಾತು ಚುಚ್ಚಿತು, ಬೇಕಿತ್ತು. ಹೀಗೆ ಮಾಡೋಣ ಅಂತಿದ್ದೇನೆ. ಗುಂಪಿಗೆ ಎರಡು ಟಾರ್ಚ್ ಬಲ್ಬು, ಸೆಲ್ಲು, ವೈರು. ಜೋಡಿಸೋ ಮೊದಲು ಪ್ರತಿಯೊಬ್ಬರೂ ಊಹೆಯನ್ನ ಚೀಟಿಯಲ್ಲಿ ಬರೀಬೇಕು. ಚೀಟಿ ಮೇಲೆ ಹೆಸರಿಲ್ಲ, ಬರೀ ನಂಬರು. ಯಾರಿಗೆ ಯಾವ ನಂಬರು ಅನ್ನೋ ಪಟ್ಟಿ ತಿದ್ದಿ ಮುಗಿಯೋವರೆಗೆ ಕ್ಲಾಸ್ ಲೀಡರ್ ಹತ್ತಿರ. ಊಹೆ ತಪ್ಪಾದ್ರೆ ಅಂಕ ಹೋಗಲ್ಲ. ನೋಡಿದ ಮೇಲೆ "ಯಾಕೆ ಹೀಗಾಯ್ತು" ಅಂತ ಎರಡು ಸಾಲು ಬರೆದರೆ ಅದಕ್ಕೆ ಅಂಕ. ಫೈಲು ಈ ಸಲ ಬೇಡ.

ಒಂದೇ ಭಯ: ಅಂಗಡಿ ಬಲ್ಬುಗಳು ಒಂದೇ ಸಮ ಇರಲ್ಲ. ಮೊದಲನೇದೇ ಜೋರಾಗಿ ಹೊತ್ತಿದ್ರೆ ತಪ್ಪು ತಿಳುವಳಿಕೆ ಇನ್ನೂ ಗಟ್ಟಿಯಾಗುತ್ತೆ.

ಐಟಿಐ ಫಿಟ್ಟರ್ ಮೇಷ್ಟ್ರು:

ಬಲ್ಬು ಅದಲುಬದಲು ಮಾಡಿದ್ರೆ ಆಯ್ತಲ್ಲ ಮೇಡಂ, ಜಾಗದ ಗುಣವೋ ಬಲ್ಬಿನ ಗುಣವೋ ಅಲ್ಲೇ ತಿಳಿಯುತ್ತೆ. ಆದ್ರೆ ಅದನ್ನ ನೀವು ಹೇಳಿಕೊಡಬೇಡಿ. ತಾವಾಗೇ ಬದಲಾಯಿಸಿ ನೋಡಿದ ಗುಂಪು ಯಾವುದು ಅಂತ ಗುರುತು ಹಾಕ್ಕೊಳ್ಳಿ.