ಸ್ಟ್ರಾಬೆರಿಯ ನಂಜುರೋಗ (ವೈರಸ್ ರೋಗ) ಮತ್ತು ಸಸ್ಯಹೇನು: ಸಸ್ಯರೋಗ ತಜ್ಞೆಯೊಂದಿಗೆ ಪ್ರಶ್ನೋತ್ತರ

ವನಜಾ: ನಮಸ್ಕಾರ ಮೇಡಂ. ಮೂರು ವರ್ಷಗಳಿಂದ ನಮ್ಮದೇ ತಾಯಿಗಿಡಗಳ ಹಂಬುಗಳಿಂದ ಸಸಿ ಮಾಡಿಕೊಳ್ಳುತ್ತಿದ್ದೇವೆ. ಈ ಬಾರಿ ಒಂದು ತಳಿಯ ಗಿಡಗಳು ಕುಗ್ಗಿವೆ, ಎಳೆಯ ಎಲೆಗಳ ಅಂಚು ಹಳದಿಯಾಗಿ ಬಟ್ಟಲಿನಂತೆ ಮಡಿಚಿಕೊಂಡಿದೆ. ಪಕ್ಕದ ಸಾಲಿನ ಬೇರೆ ತಳಿ ಹಸಿರಾಗಿಯೇ ಇದೆ. ಹೇನಿಗೆ ಔಷಧ ಸಿಂಪಡಿಸಿದರೂ ಗಿಡ ಚೇತರಿಸಿಕೊಂಡಿಲ್ಲ.

ತಜ್ಞೆ: ವನಜಾ ಅವರೇ, ನನ್ನ ಆತಂಕಕ್ಕೆ ಕಾರಣ ಆ ಹಸಿರು ಸಾಲು. ಬೆಳೆಯುವ ತಳಿಗಳಲ್ಲಿ ಒಂದೇ ವೈರಸ್ ಇದ್ದಾಗ ಅನೇಕ ಬಾರಿ ಯಾವ ಲಕ್ಷಣವೂ ಕಾಣುವುದಿಲ್ಲ; ಎರಡು ಮೂರು ಕೂಡಿದಾಗ ಗಿಡ ಕುಸಿಯುತ್ತದೆ. ಆದ್ದರಿಂದ ಆರೋಗ್ಯವಾಗಿ ಕಾಣುವ ಆ ಸಾಲೇ ರೋಗದ ಮೂಲವಾಗಿರುವ ಸಾಧ್ಯತೆಯಿದೆ. ಈ ಬೆಳೆಗೆ ತಗಲುವ ವೈರಸ್‌ಗಳಲ್ಲಿ ಒಂದಾದ ಮಾಟಲ್ ವೈರಸ್ಸನ್ನು ಸ್ಟ್ರಾಬೆರಿ ಹೇನು ಕೆಲವೇ ನಿಮಿಷ ರಸ ಹೀರುವಷ್ಟರಲ್ಲಿ ಪಡೆದು, ಅಷ್ಟೇ ಬೇಗ ಮುಂದಿನ ಗಿಡಕ್ಕೆ ದಾಟಿಸಿ, ಕೆಲವು ಗಂಟೆಗಳಲ್ಲಿ ಕಳೆದುಕೊಳ್ಳುತ್ತದೆ. ಹೊರಗಿನಿಂದ ಹಾರಿಬಂದ ರೆಕ್ಕೆಯ ಹೇನು ಔಷಧದಿಂದ ಸಾಯುವ ಮೊದಲೇ ತನ್ನ ಕೆಲಸ ಮುಗಿಸಿರುತ್ತದೆ. ಕ್ರಿಂಕಲ್ ವೈರಸ್ಸಿನ ರೀತಿಯೇ ಬೇರೆ: ಅದು ಹೇನಿನ ಮೈಯೊಳಗೆ 10 ದಿನಗಳಿಗೂ ಹೆಚ್ಚು ಕಾಲ ವೃದ್ಧಿಯಾಗಿ, ಬಳಿಕ ಹೇನು ಬದುಕಿರುವವರೆಗೂ ಹರಡುತ್ತಲೇ ಇರುತ್ತದೆ. ಇಂಥದರಲ್ಲಿ ಸಿಂಪಡಣೆಯಿಂದ ಹರಡುವಿಕೆ ತಗ್ಗಬಹುದು. ಆದರೆ ಒಮ್ಮೆ ಸೋಂಕು ತಗುಲಿದ ಗಿಡಕ್ಕೆ ಯಾವ ಔಷಧವೂ ಇಲ್ಲ, ಅದರ ಹಂಬಿನ ಮೂಲಕ ಮರಿಸಸಿಗೂ ವೈರಸ್ ಹೋಗುತ್ತದೆ. ಆದರೂ ಲಕ್ಷಣ ನೋಡಿಯೇ ವೈರಸ್ ಎಂದು ಹೇಳಲಾಗದು: ಕಬ್ಬಿಣದ ಕೊರತೆಯಲ್ಲೂ ಎಳೆಯ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ನುಸಿಯಿಂದಲೂ ಎಲೆ ಮುದುಡುತ್ತದೆ. ಎರಡೂ ಸಾಲುಗಳ ಎಲೆಗಳನ್ನು ಪ್ರಯೋಗಾಲಯದಲ್ಲಿ ಪಿಸಿಆರ್ (ವೈರಸ್ಸಿನ ವಂಶವಾಹಿ ಅಂಶವನ್ನು ಪತ್ತೆಹಚ್ಚುವ) ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ಒಂದು ಹಂಬನ್ನೂ ಬೇರೂರಿಸಬೇಡಿ.

ಶಿವಕುಮಾರ್: ಹೇನು ಸತ್ತರೆ ರೋಗ ವಾಸಿಯಾಗುವುದಿಲ್ಲವೇ?

ತಜ್ಞೆ: ಇಲ್ಲ. ಮೇಲೆ ಬರೆದಿದ್ದೇನೆ.

ಗಿರಿಜಾ: ಬೀಜದಿಂದ ಬೆಳೆಸಿದ ಗಿಡಕ್ಕೂ ಈ ರೋಗ ಬರುತ್ತದೆಯೇ?

ಮಂಜುನಾಥ: ಬೆಳ್ಳುಳ್ಳಿ ಕಷಾಯವನ್ನು ಮೂರು ಬಾರಿ ಸಿಂಪಡಿಸಿದರೆ ವೈರಸ್ ಬೇರುಸಮೇತ ನಾಶವಾಗುತ್ತದೆ ಎಂಬ ಸಂದೇಶ ಬಂದಿದೆ, ಎಲ್ಲರಿಗೂ ಕಳುಹಿಸಿದ್ದೇನೆ.

ತಜ್ಞೆ: ದಯವಿಟ್ಟು ಅದನ್ನು ಅಳಿಸಿ. ವೈರಸ್ ಇರುವುದು ಜೀವಕೋಶದ ಒಳಗೆ. ಎಲೆಯ ಮೇಲೆ ಸುರಿದ ಕಷಾಯ ಅಲ್ಲಿಗೆ ತಲುಪುವುದಿಲ್ಲ. ಇಂಥ ಸಂದೇಶವನ್ನು ನಂಬಿ ಕಾಯುವವರ ತೋಟದಲ್ಲಿ ರೋಗದ ಗಿಡ ಉಳಿಯುತ್ತದೆ, ನೆರೆಯ ತೋಟಕ್ಕೂ ಹರಡುತ್ತದೆ.

ಮಂಜುನಾಥ: ರಾಸಾಯನಿಕ ಮಾರುವವರೂ ಹೀಗೆಯೇ ಹೇಳುತ್ತಾರೆ.

ರಮೇಶ್: ತಜ್ಞರು ರಾಸಾಯನಿಕ ಹೊಡೆಯಿರಿ ಎಂದು ಎಲ್ಲಿ ಹೇಳಿದರು? ಓದದೆ ಆರೋಪ ಮಾಡಬೇಡಿ.

ಮಂಜುನಾಥ: ಗುಲಗಂಜಿ ಹುಳುಗಳನ್ನು ಕೊಂದವರು ನಿಮ್ಮಂಥವರೇ.

ರಮೇಶ್: ನನ್ನ ತೋಟವನ್ನು ನೀವು ನೋಡಿಯೇ ಇಲ್ಲ.

ತಜ್ಞೆ: ಇಬ್ಬರೂ ನಿಲ್ಲಿಸಿ. ಗುಲಗಂಜಿ ಹುಳು ಹೇನನ್ನು ತಿನ್ನುತ್ತದೆ, ಕಂಡ ಕಂಡ ಕೀಟನಾಶಕದಿಂದ ಅದೂ ಸಾಯುತ್ತದೆ, ಇದು ನಿಜ. ಆದರೆ ನಿಮಿಷಗಳಲ್ಲಿ ದಾಟುವ ವೈರಸ್ಸನ್ನು ಅದೊಂದೇ ತಡೆಯಲಾರದು. ಪರೀಕ್ಷಿಸಿದ, ವೈರಸ್‌ಮುಕ್ತ ಸಸಿಯೇ ಮೊದಲ ರಕ್ಷಣೆ.

ಶಿವಕುಮಾರ್: ಹಾಗಾದರೆ ಯಾವ ಔಷಧ ಹೊಡೆಯಬೇಕು?

ತಜ್ಞೆ: ಮೇಲಿನದನ್ನು ಓದಿ.

ವನಜಾ: ಪರೀಕ್ಷೆಯಲ್ಲಿ ವೈರಸ್ ಇದೆ ಎಂದು ಬಂದರೆ ಕೂಡಲೇ ಕೀಳಬಹುದೇ?

ತಜ್ಞೆ: ಮೊದಲು ಆ ಗಿಡಗಳ ಮೇಲಿನ ಹೇನುಗಳನ್ನು ಕೊಲ್ಲಿ, ನಂತರ ಕಿತ್ತುಹಾಕಿ. ಹೇನಿರುವಾಗಲೇ ಕಿತ್ತು ಒಣಗಲು ಬಿಟ್ಟರೆ ಅವು ಪಕ್ಕದ ಸಾಲಿಗೆ ಹೋಗುತ್ತವೆ.