ವಿಷಯ: "ಅವಿಭಾಜ್ಯ"ಕ್ಕೆ ಸುಲಭದ ಪದ ಬೇಕು (ಇವತ್ತು ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ಶಾಲೆಯ ವಿಜ್ಞಾನ ಮೇಳಕ್ಕೆ ಒಂದು ಫ್ಲೆಕ್ಸ್ ಬೇಕಾಗಿದೆ. ಆರು ಗಂಟೆಗೆ ಅಂಗಡಿಯವರಿಗೆ ಕೊಡಬೇಕು. ವಿಷಯ 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಶೋಧಕ ಲ್ಯೂಕ್ ಡ್ಯುರಾಂಟ್‌ಗೆ ಸಿಕ್ಕ ಪ್ರೈಮ್, ಅಂದರೆ ಒಂದು ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಆ ಸಂಖ್ಯೆ. ಪೂರ್ತಿ ಬರೆದರೆ 4,10,24,320 ಅಂಕಿ! "ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ" ಅಂತ ಬರೆದಿದ್ದೇನೆ. ಅವಿಭಾಜ್ಯ ಅಂದರೆ ಮಕ್ಕಳಿಗೆ ಕೂಡುಕುಟುಂಬ ನೆನಪಾಗುತ್ತೆ ಅಂತ ಮೇಷ್ಟ್ರೊಬ್ಬರು ನಕ್ಕರು. ಒಂದೇ ಸಂಖ್ಯೆಯನ್ನು ಹೀಗೆ ಮತ್ತೆ ಮತ್ತೆ ಗುಣಿಸಿದ್ದಕ್ಕೆ ಹೇಳುವ "ಘಾತ" ಕೂಡ ಅಪಘಾತದ ಥರ ಕೇಳಿಸುತ್ತೆ. ಬೇರೆ ಏನಾದರೂ ಇದೆಯಾ?

———

ಒಡೆಯದ ಎಣಿ. ಎಣಿ ಅಂದರೆ ಸಂಖ್ಯೆ. 2047 ಒಡೆಯುತ್ತೆ, 23 ಮತ್ತು 89 ಆಗಿ. 31 ಒಡೆಯೋದಿಲ್ಲ. ಇಷ್ಟು ಹೇಳೋಕೆ ಸಂಸ್ಕೃತ ಯಾಕೆ?

———

> ಒಡೆಯದ ಎಣಿ

ಏಳು ಇಡ್ಲಿಯನ್ನು ಇಬ್ಬರಿಗೆ ಹಂಚಿ ನೋಡಿ, ಒಡೆಯುತ್ತೆ. ಅವಿಭಾಜ್ಯಕ್ಕೂ ಅದೇ ಕಷ್ಟ ಇದೆ, ಒಪ್ಪುತ್ತೇನೆ, ಆದರೆ ಅದು ಪಠ್ಯಪುಸ್ತಕದಲ್ಲಿ ಕೂತಾಗಿದೆ, ಮಕ್ಕಳು ಪರೀಕ್ಷೆಯಲ್ಲಿ ಬರೆಯೋದೂ ಅದನ್ನೇ. ಸುಮ್ನೆ ಎಬ್ಬಿಸಬೇಡಿ. ನಿಜವಾದ ತಪ್ಪು ಬೇರೆ ಇದೆ. ಅತಿ ದೊಡ್ಡ ಅವಿಭಾಜ್ಯ ಅನ್ನೋದೇ ಇಲ್ಲ, ಅವು ಮುಗಿಯೋದಿಲ್ಲ ಅಂತ ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿದ್ದಾನೆ. "ಈವರೆಗೆ ಸಿಕ್ಕ" ಅಂತ ಸೇರಿಸಿ.

———

ಘಾತಕ್ಕೆ ಹೆದರುವವರಿಗೆ ಒಂದು ಮಾತು. ಹಳೆಯ ಗಣಿತ ಗ್ರಂಥಗಳಲ್ಲಿ ಗುಣಾಕಾರಕ್ಕೆ ಹನನ ಅಂತಲೂ ಹೇಳುತ್ತಿದ್ದರು, ಬಂದ ಗುಣಲಬ್ಧವೇ ಘಾತ. ಹೊಡೆತಕ್ಕೂ ಗುಣಾಕಾರಕ್ಕೂ ಒಂದೇ ಧಾತು. ಅಪಘಾತ ಅದರ ದಾಯಾದಿ ಅಷ್ಟೇ. ಪದದ ತಪ್ಪಲ್ಲ, ಓದದವರ ತಪ್ಪು.

———

ಪ್ರೈಮ್ ಅಂತಲೇ ಹಾಕಿ. ಬಸ್ಸು, ಟಿಕೆಟ್ಟು ಬಂದಾಗ ಯಾರೂ ಅಳಲಿಲ್ಲ.

———

ಹಾಕಿ. ಸಿನಿಮಾ ಎಷ್ಟು ಗಂಟೆಗೆ ಅಂತ ಕೇಳ್ತಾರೆ.

———

ಅವಿಭಾಜ್ಯವೂ ಸಾಲದ್ದೇ ಅಲ್ವಾ? ಸಂಸ್ಕೃತದಿಂದ ತಂದರೆ ಪೂರ್ವಿಕರ ಆಸ್ತಿ, ಇಂಗ್ಲಿಷ್‌ನಿಂದ ತಂದರೆ ಸಾಲ, ಇದು ಯಾವ ಲೆಕ್ಕ? ಇನ್ನು ಎರಡರ ಘಾತದಲ್ಲಿ ಒಂದು ಕಳೆದು ಬರುವ ಇಂಥ ಅವಿಭಾಜ್ಯಕ್ಕೆ ಮೆರ್ಸೆನ್ ಅನ್ನುವವರ ಹೆಸರಿಟ್ಟು "ಮೆರ್ಸೆನ್ ಅವಿಭಾಜ್ಯ" ಅಂತೀರಿ, ಅದು ಬೇರೆ ಬೇರೆ ಭಾಷೆಯ ಪದ ಬೆಸೆದ ಅರಿಸಮಾಸ ಆಗಲ್ವಾ?

———

ಅಂಕಿತನಾಮಕ್ಕೆ ಅರಿಸಮಾಸವೇ? ಆ ಚರ್ಚೆ ಬೇರೆ ಎಳೆಯಲ್ಲಿ ಮಾಡಿ.

———

ನಾನೇ, ಪ್ರಶ್ನೆ ಕೇಳಿದವನು. "ಈವರೆಗೆ ಸಿಕ್ಕ" ಸೇರಿಸಿದೆ, ತುಂಬಾ ಥ್ಯಾಂಕ್ಸ್. ಅವಿಭಾಜ್ಯ ಇರಲಿ. ಈಗ ಫ್ಲೆಕ್ಸ್ ಅಂಗಡಿಯಿಂದ ಪ್ರೂಫ್ ಬಂತು. ಎರಡರ ತಲೆ ಮೇಲೆ ಕೂರಬೇಕಾದ ಅಂಕಿಗಳೆಲ್ಲ ಕೆಳಗಿಳಿದು ಪಕ್ಕದಲ್ಲಿ ನಿಂತಿವೆ: 2136279841 − 1. ಕಳೆದರೆ ಕೊನೆಯಲ್ಲಿ ಸೊನ್ನೆ! ಹತ್ತರಿಂದ ಭಾಗವಾಗುತ್ತೆ, ಐದನೇ ಕ್ಲಾಸಿನ ಮಗುವೂ ಒಡೆದು ಕೈಗೆ ಕೊಡುತ್ತೆ. ಮೇಲೆ ಚಿಕ್ಕದಾಗಿ ಹಾಕೋಕೆ ಅವರ ಫಾಂಟ್‌ನಲ್ಲಿ ಬರಲ್ವಂತೆ. ಹಾಗಾಗಿ ಮಾತಿನಲ್ಲೇ ಬರೆಸಬೇಕು: "2ರ 13,62,79,841ನೇ ಘಾತದಿಂದ 1 ಕಳೆದರೆ". ವ್ಯಾಕರಣ ಸರಿ ಇದೆಯಾ? ಆರಕ್ಕೆ ಇನ್ನು ಹತ್ತೇ ನಿಮಿಷ.

———

"ಘಾತದಲ್ಲಿ" ಅನ್ನಿ.